ಮೇಲ್ಮಹಡಿಯ ರಾಗಿಕಲ್ಲು

ಆ ಕಾಲಕ್ಕೆ ಹುಣಸೂರಿನಲ್ಲಿ ನಮ್ಮ ಮನೆಯೇ ಎತ್ತರ. ನಮ್ಮ ಮನೆ ಎಂದರೆ ನಮ್ಮದಲ್ಲ, ಮರದ ಸಾಹುಕಾರರದ್ದು. ಆದರೆ ಬೀಗದ ಕೈ ಗೊಂಚಲು ನನ್ನ ಸೊಂಟದಲ್ಲಿದ್ದ ಮೇಲೆ ಮನೆ ಯಾರದಾದರೇನು. ಹೆಗ್ಗಡದೇವನಕೋಟೆಯ ಕಾಡಿನಿಂದ ತೇಗದ ದಿಮ್ಮಿ ತರಿಸಿ ಮಾರುತ್ತಿದ್ದ ಅವರು, ಮಾರದೆ ಉಳಿದ ಮರಕ್ಕೂ ಒಂದು ದಾರಿಯಾಗಲಿ ಎಂದು ಸಂತೆಬೀದಿಯ ಹಿಂದೆ ನೆಲಮನೆಯ ಮೇಲೊಂದು ಮಹಡಿ, ಅದರ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದ್ದರು. ಒಂದೊಂದು ಅಂತಸ್ತಿನಲ್ಲೂ ಸಾಲು ಕೋಣೆಗಳು, ಕೋಣೆಗೊಂದು ಸಂಸಾರ. ಸಂತೆಗೆ ಬಂದ ಹಳ್ಳಿಯವರು ಸೊಪ್ಪಿನ ಹೊರೆ ಕೆಳಗಿಳಿಸಿ, ಕತ್ತೆತ್ತಿ ನೋಡಿ, “ಅಷ್ಟೆತ್ತರದಾಗೆ ಮಲಗಿದ್ರೆ ನಿದ್ದೆ ಬತ್ತದಾ” ಎಂದು ಕೇಳಿಕೊಂಡು ಹೋಗುತ್ತಿದ್ದರು.

ಸಾಹುಕಾರರು ಪಾರುಪತ್ಯ ಒಪ್ಪಿಸಿದ್ದು ನಮ್ಮ ಯಜಮಾನರಿಗೆ. ಯಜಮಾನರು ದಿಮ್ಮಿ ಗಾಡಿಗಳ ಜೊತೆ ಕಾಡಿಗೆ ಹೋದರೆ ಮುಖ ತೋರಿಸುವುದು ಅಮಾವಾಸ್ಯೆಗೋ ಹುಣ್ಣಿಮೆಗೋ. ಹೀಗಾಗಿ ಹೆಸರು ಅವರದು, ಕೆಲಸ ನನ್ನದು. ನನಗೇನೂ ಬೇಸರವಿರಲಿಲ್ಲ. ಮಿರ್ಲೆಯ ತುಂಬಿದ ಮನೆಯಲ್ಲಿ ಓರಗಿತ್ತಿಯರ ನಡುವೆ ಬಾಳಿ ಬಂದವಳಿಗೆ, ಬೇರೆ ಬೇರೆ ಒಲೆಯವರನ್ನು ಒಂದು ಸೂರಿನಡಿ ಇಟ್ಟುಕೊಳ್ಳುವುದು ಹೊಸ ವಿದ್ಯೆಯಲ್ಲ. ನಮ್ಮತ್ತೆ ಹೇಳುತ್ತಿದ್ದರು: “ಕೂಡಿದ ಮನೆ ನಡೆಸೋದು ಎತ್ತು ಹೂಡ್ದಂಗೆ ಕಣವ್ವ. ಎರಡೆತ್ತೂ ಒಂದೇ ಸಮ ಇರಾಕಿಲ್ಲ. ನೊಗ ಸಮ ಮಡಗೋದು ನಿನ್ನ ಕೆಲಸ.” ಆ ಮಾತು ಮಹಡಿ ಮನೆಗೂ ಸರಿಹೋಗುತ್ತದೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಎತ್ತುಗಳು ಅಕ್ಕಪಕ್ಕ ನಿಲ್ಲುವುದಿಲ್ಲ, ಒಂದರ ತಲೆಯ ಮೇಲೊಂದು ನಿಂತಿರುತ್ತವೆ.

ಬಾಡಿಗೆಗೆ ಬಂದವರೆಲ್ಲ ಹುಟ್ಟಿದಾಗಿನಿಂದ ನೆಲದ ಮೇಲೆ ಬಾಳಿದವರು. ತಾವು ನಡೆಯುವುದು ಇನ್ನೊಬ್ಬರ ಸೂರಿನ ಮೇಲೆ ಎಂಬುದು ಅವರ ಕಾಲಿಗೆ ಗೊತ್ತಿರಲಿಲ್ಲ. ಪಾತ್ರೆ ತೊಳೆದ ನೀರನ್ನು ಅಂಗಳಕ್ಕೆ ಎರಚುವ ಹಾಗೆ ಕಿಟಕಿಯಿಂದ ಎರಚುವರು. ಕೆಳಗೆ ಯಾರದೋ ಹಪ್ಪಳ ಒಣಗುತ್ತಿರುವುದು. ಪಿರಿಯಾಪಟ್ಟಣದ ಕಡೆಯ ಗಾಡಿಯವನೊಬ್ಬ ಮಳೆಗೆ ನೆನೆಯುತ್ತದೆಂದು ತನ್ನ ಕಡಸನ್ನು ಹುಲ್ಲು ತೋರಿಸುತ್ತ ನಡುಮಹಡಿಗೆ ಹತ್ತಿಸಿಬಿಟ್ಟ. ಹತ್ತಿದ ಕಡಸು ಇಳಿಯಲಿಲ್ಲ. ಮೆಟ್ಟಿಲ ತಲೆಯಲ್ಲಿ ನಿಂತು ಕೆಳಗೆ ನೋಡುವುದು, ನಡುಗುವುದು, ಹಿಂದಕ್ಕೆ ಹೋಗುವುದು. “ಅತ್ತಿಸ್ವಾಗ ಉಲ್ಲು ತೋರ್ಸ್ದಲ್ಲ, ಇಳಿಸ್ವಾಗ ಏನ್ ತೋರ್ಸೀಯ್ಲಾ” ಎಂದು ಬೀದಿಯ ಜನ ನಕ್ಕರು. ಕೊನೆಗೆ ಮೆಟ್ಟಿಲಿಗೆಲ್ಲ ಹುಲ್ಲು ಹಾಸಿ, ಅದರ ಕಣ್ಣಿಗೆ ಗೋಣಿ ಕಟ್ಟಿ, ಹಿಂದುಮುಂದಾಗಿ ನಡೆಸಿ ಇಳಿಸಿದೆವು. ತಾನಾಗಿ ಇಳಿಯಲಾರದ್ದು ಯಾವುದೂ ಮೇಲೆ ಹತ್ತಕೂಡದು ಎಂದು ನಾನು ಅವತ್ತೇ ಕಟ್ಟಳೆ ಮಾಡಿದೆ.

ಇನ್ನೊಂದು ಕಟ್ಟಳೆ ಮೆಟ್ಟಿಲಿನದು. ಮನೆಯ ಮುಂದೆ ಗುಡಿಸುವುದಕ್ಕೆ ಯಾವ ಹೆಂಗಸಿಗೂ ಹೇಳಬೇಕಾಗಿರಲಿಲ್ಲ, ಆದರೆ ಮೆಟ್ಟಿಲು ಯಾರ ಮನೆಯ ಮುಂದೂ ಅಲ್ಲವಲ್ಲ, ಅದಕ್ಕೆ ಕಸಬರಿಕೆ ತೋರಿಸುವವರೇ ಇರಲಿಲ್ಲ. ತುಳಿಯುವವರೇ ಗುಡಿಸಬೇಕು ಎಂದೆ. ಮೇಲ್ಮಹಡಿಯವರು ಹೆಚ್ಚು ತುಳಿಯುತ್ತಾರೆ, ಹೆಚ್ಚು ಗುಡಿಸಲಿ. ಅದಕ್ಕೆ ಬದಲಾಗಿ ಬಾವಿಯಲ್ಲಿ ಬೆಳಗಿನ ಮೊದಲ ನೀರು ಅವರದು, ಹೊತ್ತು ಹತ್ತಬೇಕಲ್ಲ. ಮೂರು ದಿನ ಗೊಣಗಿದರು, ಆಮೇಲೆ ತಾವೇ ಈ ಕಟ್ಟಳೆ ತಂದವರ ಹಾಗೆ ಹೊಸಬರಿಗೆ ಹೇಳಿಕೊಡುತ್ತಿದ್ದರು.

ಇಷ್ಟೆಲ್ಲ ಹದಕ್ಕೆ ಬಂದ ಮೇಲೆ ಬಂದದ್ದು ಕಲ್ಲಿನ ತಕರಾರು.

ಮೇಲ್ಮಹಡಿಯ ಹಿಂದಿನ ಕೋಣೆಯಲ್ಲಿ ಕಂಪಲಾಪುರದ ಅಜ್ಜಿಯೊಬ್ಬರು ಮಗಳ ಜೊತೆ ಇದ್ದರು. ಮಗಳಿಗೂ ಗಂಡನಿರಲಿಲ್ಲ, ಕಾಫಿ ಕೆಲಸದ ಮನೆಯಲ್ಲಿ ಬೀಜ ಆರಿಸಲು ಹೋಗುತ್ತಿದ್ದಳು. ಅಜ್ಜಿ ಮನೆಯಲ್ಲೇ ರಾಗಿ ಬೀಸಿ, ಗಾಡಿಯವರು ಉಣ್ಣುವ ಮುದ್ದೆ ಹೋಟೆಲಿಗೆ ಹಿಟ್ಟು ಕೊಡುತ್ತಿದ್ದರು. ಅವರ ಹಿಟ್ಟಿನ ಮುದ್ದೆ ಬೆರಳಿಗೆ ಅಂಟುವುದಿಲ್ಲ ಎಂದು ಊರೆಲ್ಲ ಹೆಸರು. ಆ ಸಾಲಿನಲ್ಲಿ ಇನ್ನೂ ಮೂರು ಸಂಸಾರ, ಅವರಿಗೂ ಒಂದೊಂದು ರಾಗಿಕಲ್ಲು. ಕೋಳಿ ಕೂಗುವ ಮುಂಚೆ ನಾಲ್ಕೂ ಕಲ್ಲು ಏಕಕಾಲಕ್ಕೆ ತಿರುಗತೊಡಗಿದರೆ ಕೆಳಗೆ ಮಲಗಿದ ನನಗೆ ದೂರದಲ್ಲಿ ಗಾಡಿ ಸಾಲು ಹೊರಟ ಹಾಗೆ ಕೇಳಿಸುತ್ತಿತ್ತು. ನಾನು ಅದನ್ನು ಮನೆ ಎದ್ದ ಸದ್ದು ಎಂದುಕೊಂಡು ಖುಷಿಪಡುತ್ತಿದ್ದೆ.

ಖುಷಿ ಕೆಡಿಸಿದವಳು ದಫೇದಾರರ ಹೆಂಡತಿ. ಅವರು ನಡುಮಹಡಿಯಲ್ಲಿ, ಅಜ್ಜಿಯ ಕೋಣೆಯ ನೇರ ಕೆಳಗೆ ಇದ್ದವರು. ಕೃಷ್ಣರಾಜನಗರದ ತವರಿನಲ್ಲಿ ಬಾಣಂತನ ಮುಗಿಸಿ ಕೂಸಿನ ಜೊತೆ ಬಂದ ವಾರಕ್ಕೆ ನನ್ನ ಬಾಗಿಲಿಗೆ ಬಂದಳು.

“ಅಕ್ಕ, ನಮ್ಮ ಮಗೀಗೆ ದಿಟ್ಟಿ ಆಗದಿರಲಿ ಅಂತ ನಾನಿಕ್ಕಿದ್ದು ಒಂದು ಕಪ್ಪು ಬೊಟ್ಟು. ಎದ್ದು ನೋಡಿದ್ರೆ ಮೈ ತುಂಬ ವಿಭೂತಿ. ಇನ್ನೊಂದು ತಿಂಗಳು ಹಿಂಗೇ ಆದ್ರೆ ಮಠಕ್ಕೆ ಕೊಡಬೇಕಾಯ್ತದೆ.”

ಹೋಗಿ ನೋಡಿದೆ. ತೊಟ್ಟಿಲಿನ ಮೇಲೆ ಸೂರಿನಿಂದ ಸುಣ್ಣದ ಪುಡಿ ಉದುರಿತ್ತು. ತಲೆ ಎತ್ತಿದರೆ, ನೇರ ಇದ್ದ ತೊಲೆ ನಡುವಿನಲ್ಲಿ ಕೊಂಚ ಹೊಟ್ಟೆ ಬಿಟ್ಟಿತ್ತು. ಸಾಹುಕಾರರ ಡಿಪೋದಲ್ಲಿ ಕೆಲಸಕ್ಕಿದ್ದ ಬಡಗಿಯನ್ನು ಕರೆಸಿದೆ. ಅವನು ವಯನಾಡಿನ ಕಡೆಯವನು. ಮಾತು ಕಡಿಮೆ, ಆಡಿದರೆ ಅರ್ಧ ಮಲಯಾಳ. ಏಣಿ ಹತ್ತಿ ತೊಲೆಯನ್ನು ಉಳಿಯ ಹಿಡಿಯಿಂದ ಉದ್ದಕ್ಕೂ ತಟ್ಟಿ, ಗೋಡೆಯೊಳಗೆ ಹೋಗುವ ತುದಿಯ ಬಳಿ ಕಿವಿ ಇಟ್ಟು, ಇಳಿದು ಬಂದ.

“ಮರಂ ಒಳ್ಳೇದ್ ಅಮ್ಮ. ಭಾರ ಹೊರ್ತದೆ. ಇದು ಭಾರ ಅಲ್ಲ, ಕುಲುಕು. ದಿನಾ ಕುಲುಕಿದ್ರೆ ಗೋಡೆ ಹಿಡಿದ ತುದಿ ಬಿಡ್ತದೆ.”

“ಬಿಟ್ಟರೆ?”

ಅವನು ತೊಟ್ಟಿಲನ್ನು ಎರಡು ಕೈಯಲ್ಲಿ ಎತ್ತಿ ಬೀದಿ ಕಡೆಯ ಕಿಟಕಿಯ ಪಕ್ಕಕ್ಕೆ ಸರಿಸಿದ.

ವಿಷಯ ಸಾಹುಕಾರರಿಗೆ ಹೋಯಿತು. ಅವರು ಕೂಗಾಡುವ ಮನುಷ್ಯರಲ್ಲ. ಜಗುಲಿಯಲ್ಲಿ ಕುಳಿತು ವೀಳ್ಯ ಮೆಲ್ಲುತ್ತ ಹೇಳಿದರು: “ನೋಡಮ್ಮ, ಗೌರಿ ಹಬ್ಬದೊಳಗೆ ಮೇಲಿನ ಕಲ್ಲೆಲ್ಲ ನೆಲಕ್ಕೆ ಬರಬೇಕು. ಹಿಂದುಗಡೆ ಹಗ್ಗ, ಗಾಲಿ ತುಂಬಿರೋ ಉಗ್ರಾಣ ಖಾಲಿ ಮಾಡಿಕೊಡ್ತೀನಿ, ಅಲ್ಲಿ ಬೀಸ್ಕೊಳ್ಳಲಿ. ಆಗಲ್ಲ ಅಂದ್ರೆ ಮೇಲ್ಮಹಡಿ ಖಾಲಿ ಮಾಡಿಸು. ಹೊಗೆಸೊಪ್ಪು ತುಂಬಿಸ್ತೀನಿ. ಅದು ಕುಲುಕೋದಿಲ್ಲ, ನೀರು ಚೆಲ್ಲೋದಿಲ್ಲ, ಜಗಳಾನೂ ಆಡೋದಿಲ್ಲ.”

“ಕಲ್ಲು ಬರ್ತವೆ” ಎಂದೆ. ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಡಸನ್ನೇ ಇಳಿಸಿದವಳು ನಾನು.

ಮೇಲಕ್ಕೆ ಹೋಗಿ ನಾಲ್ಕು ಮನೆಯವರನ್ನೂ ಅಜ್ಜಿಯ ಕೋಣೆಯಲ್ಲಿ ಕೂರಿಸಿ ವಿಷಯ ಹೇಳಿದೆ. ಮೂವರು ಕಿರಿಯರು ಅಜ್ಜಿಯ ಮುಖ ನೋಡಿದರು. ಅಜ್ಜಿ ಕೇಳಿದ್ದು ಒಂದೇ ಮಾತು: “ತೊಟ್ಟಿಲು ಅಲ್ಲೇ ಅದಾ?”

“ಸರಿಸಿದೀವಿ ಅಜ್ಜಿ. ಆದರೂ ಕೋಣೆ ಅದೇ ತಾನೆ.”

ಅಜ್ಜಿ ಎದ್ದು ಹೋಗಿ ಕಲ್ಲಿನ ಹಿಡಿಗೂಟವನ್ನು ಕಿತ್ತು ಗೂಡಿನಲ್ಲಿಟ್ಟರು. “ಇವತ್ತಿಂದ ಇಲ್ಲಿ ಬೀಸಾಕಿಲ್ಲ. ಕೂಸಿನ ನೆತ್ತಿ ಮ್ಯಾಲೆ ಕುಂತು ದುಡಿಯೋ ಅನ್ನ ನಂಗೆ ಬ್ಯಾಡ.”

“ಹಾಗಾದರೆ ನಾಳೆಯೇ ಹಮಾಲಿಗಳನ್ನ ಕರೆಸ್ತೀನಿ, ಕೆಳಗೆ ಇಳಿಸಿಬಿಡೋಣ.”

“ಬೀಸಾಕಿಲ್ಲ ಅಂದೆ ಕಣವ್ವ. ಇಳಿಸ್ತೀನಿ ಅನ್ನಲಿಲ್ಲ. ಕಲ್ಲು ಹೊಸಲು ದಾಟಾಕಿಲ್ಲ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರು ಭಾಗವಾದಾಗ ಹೊಲಕ್ಕೆ ಬದು ಹಾಕುವುದು ಆಮೇಲೆ. ಮೊದಲು ಬೇರೆಯಾಗುವವಳ ರಾಗಿಕಲ್ಲು ಹೊಸಲು ದಾಟುತ್ತದೆ. ಹೊರಗೆ ಬಂದ ಕಲ್ಲನ್ನು ಕಂಡರೆ ಬೀದಿಯವರಿಗೆ ಅರ್ಥವಾಗುತ್ತದೆ, ಆ ಮನೆ ಒಡೆಯಿತು ಎಂದು. ಅಜ್ಜಿಯ ಗಂಡ ತೀರಿಕೊಂಡ ವರ್ಷ ಕಂಪಲಾಪುರದಲ್ಲಿ ಮೈದುನರು ಯಾವ ಮಾತೂ ಆಡದೆ ಅವರ ಕಲ್ಲನ್ನು ಜಗುಲಿಯಲ್ಲಿಟ್ಟಿದ್ದರಂತೆ. ಗದ್ದೆಯಿಂದ ಬಂದ ಅಜ್ಜಿ ಒಳಕ್ಕೆ ಹೋಗಲೇ ಇಲ್ಲ. ಕಲ್ಲನ್ನು ಗಾಡಿಗೆ ಹಾಕಿಸಿ, ಮಗಳನ್ನು ಕೂರಿಸಿಕೊಂಡು ಹುಣಸೂರಿಗೆ ಬಂದಿದ್ದರು.

ನಾನು ಬಿಡಲಿಲ್ಲ. “ಈ ಕೋಣೆಗೆ ಬರುವಾಗ ಹೊಸಲು ದಾಟಿಕೊಂಡೇ ಬಂತಲ್ಲ ಅಜ್ಜಿ?”

“ಒಳಕ್ಕೆ ಬರಾದು ಬ್ಯಾರೆ, ಹೊರಕ್ಕೆ ಓಗಾದು ಬ್ಯಾರೆ. ಸೊಸೆ ಬಂದ್ರೆ ಆರತಿ ಎತ್ತೀಯ. ಅವಳೇ ಗಂಟು ಕಟ್ಕಂಡು ಹೊಂಟ್ರೆ ಎತ್ತೀಯ?”

“ಇಳಿಸದೇ ಹೋದರೆ ಕೋಣೆ ಖಾಲಿ ಮಾಡಬೇಕಾಗ್ತದೆ. ಆಗಲೂ ಹೊಸಲು ದಾಟ್ತದಲ್ಲ.”

“ಆಗ ಮನೆ ಮುರೀತು ಅಂತ ಅರ್ಥ. ಮುರಿದ್ಮ್ಯಾಲೆ ದಾಟ್ತದೆ, ದಾಟಲಿ. ನೀನು ಮುರೀದೆ ಇರೋ ಮನೇಲಿ ದಾಟ್ಸು ಅಂತೀಯ.”

ನಾನು ಎದ್ದೆ. ಮೂವರು ಕಿರಿಯರಲ್ಲಿ ಚೂಟಿಯಾದವಳು, ಗರಗಸದವನ ಹೆಂಡತಿ, ಬಾಗಿಲ ಬಳಿ ನನ್ನನ್ನು ತಡೆದು ಕೇಳಿದಳು: “ಅಕ್ಕ, ತಾನಾಗಿ ಇಳೀದೆ ಇರೋದು ಮ್ಯಾಲೆ ಅತ್ತಬಾರದು ಅಂತ ನಿಮ್ಮದೇ ಕಟ್ಟಳೆ. ಕಲ್ಲು ಅತ್ತುವಾಗ ನೀವು ಎಲ್ಲಿದ್ರಿ?” ಅವಳ ಮಾತು ನ್ಯಾಯವಾಗಿತ್ತು. ಕಲ್ಲಿಲ್ಲದ ಮನೆ ಇರುತ್ತದೆಯೇ ಎಂದುಕೊಂಡು, ಅದನ್ನು ಸಾಮಾನು ಎಂದು ನಾನು ಎಣಿಸಿಯೇ ಇರಲಿಲ್ಲ. ನಮ್ಮದೇನಿದ್ದರೂ ಅಜ್ಜಿ ಹೆಂಗೋ ಹಂಗೆ ಎಂದು ಮೂವರೂ ಎದ್ದು ಹೋದರು.

ಅಂದಿನಿಂದ ಮೇಲಿನಿಂದ ಸದ್ದಿಲ್ಲ. ಕಿರಿಯರು ಬೀದಿಯಲ್ಲಿ ಯಾರ ಕಲ್ಲು ಖಾಲಿಯಿದೆಯೋ ಅಲ್ಲಿ ಬೀಸಿಕೊಂಡು ಬರುತ್ತಿದ್ದರು. ಅಜ್ಜಿಗೆ ನನ್ನ ಕಲ್ಲು ಕೊಡುತ್ತೇನೆ ಎಂದೆ. ಕಂಡವರ ಕಲ್ಲಿನಲ್ಲಿ ಬೀಸಿ ಉಣ್ಣಬಹುದು, ಬೀಸಿ ಮಾರಬಾರದು ಎಂದು ತಲೆಯಾಡಿಸಿದರು. ಹೋಟೆಲಿನವನು ಬಂದು ಕೇಳಿ, ಸಪ್ಪೆ ಮುಖದಲ್ಲಿ ಹಿಂತಿರುಗಿದ. ಮತ್ತೊಂದು ಸಲ ಬರದಿದ್ದಾಗ, ಬೇರೆ ಕಡೆ ಹಿಟ್ಟು ಹಾಕಿಸಿಕೊಳ್ಳುತ್ತಿದ್ದಾನೆ ಎಂದು ತಿಳಿಯಿತು. ಅಜ್ಜಿಯ ಮಗಳು ಕಾಫಿ ಬೀಜ ಆರಿಸಿ ತಂದದ್ದರಲ್ಲೇ ಇಬ್ಬರೂ ಉಣ್ಣಬೇಕಾಯಿತು. ಬೀಸುವುದು ನಿಂತ ಮೇಲೆ ಕಲ್ಲು ಅಲ್ಲೇ ಇರಲಿ ಎಂದು ನಾನು ಸಾಹುಕಾರರಲ್ಲಿ ಕೇಳಿಯೂ ನೋಡಿದೆ. “ಇವತ್ತು ನಿಲ್ಲಿಸಿದವರು ನಾಳೆ ಹಸಿವಾದಾಗ ತಿರುಗಿಸ್ತಾರಮ್ಮ. ನಾನಾಗಿದ್ರೂ ತಿರುಗಿಸ್ತಿದ್ದೆ” ಎಂದರು. ಅದೂ ಸುಳ್ಳಲ್ಲ. ಹಬ್ಬ ಹತ್ತಿರ ಬರುತ್ತಿತ್ತು. ಕೋಣೆ ಬಿಟ್ಟರೆ ಅಜ್ಜಿಗೆ ಹೋಗಲು ಕಂಪಲಾಪುರವೂ ಇರಲಿಲ್ಲ.

ಉಪಾಯ ಹೊಳೆದದ್ದು ಬಾವಿಕಟ್ಟೆಯಲ್ಲಿ. ಬಿಂದಿಗೆ ಇಳಿಬಿಟ್ಟು ರಾಟೆಯ ಹಗ್ಗ ಸಡಿಲಿಸುತ್ತಿದ್ದೆ. ಬಿಂದಿಗೆ ಮೇಲಿನಿಂದ ಕೆಳಕ್ಕೆ ಹೋಯಿತು, ಯಾವ ಹೊಸಲನ್ನೂ ದಾಟಲಿಲ್ಲ. ಅರ್ಧ ನೀರು ತುಂಬಿದ ಬಿಂದಿಗೆಯನ್ನು ಅಲ್ಲೇ ಇಟ್ಟು ಹಿಂದಿನ ಉಗ್ರಾಣಕ್ಕೆ ಹೋಗಿ ತಲೆ ಎತ್ತಿ ನೋಡಿದೆ. ಅದರ ಮೇಲೆ ದಫೇದಾರರ ಕೋಣೆ, ಅದರ ಮೇಲೆ ಅಜ್ಜಿಯ ಕೋಣೆ. ಮೂರೂ ಒಂದರ ನೆತ್ತಿಗೊಂದು.

ಅಜ್ಜಿಯ ಬಳಿ ಹೋಗಿ ಕುಳಿತೆ.

“ಕಲ್ಲು ಹೊಸಲು ದಾಟಬಾರದು. ಅಷ್ಟೇ ತಾನೆ?”

“ಅಷ್ಟೇಯ.”

“ನೆಲದ ಹಲಗೆ ಕೀಳಿಸಿ, ರಾಟೆ ಕಟ್ಟಿ, ಇದ್ದಲ್ಲಿಂದಲೇ ನೇರ ಇಳಿಸಿದರೆ? ಬಾಗಿಲ ಕಡೆ ತಿರುಗಿಯೂ ನೋಡೋದು ಬೇಡ.”

ಅಜ್ಜಿ ಕಲ್ಲಿನ ಮೇಲಿದ್ದ ಹಿಟ್ಟಿನ ಧೂಳನ್ನು ಅಂಗೈಯಲ್ಲಿ ಒರೆಸಿದರು. “ಇಳಿದ ಜಾಗ ಯಾರದಾಯ್ತದೆ?”

“ನಿಮ್ಮದೇ” ಎಂದೆ. ಸಾಹುಕಾರರು ಕೊಟ್ಟದ್ದು ಎಲ್ಲರಿಗೂ ಸೇರಿದ ಜಾಗವನ್ನು. ಅದು ನನ್ನ ತಲೆಯಲ್ಲಿತ್ತು. ಆದರೆ ಮೊದಲು ಕಲ್ಲು ಇಳಿಯಲಿ, ಜಾಗವನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡೆ.

“ಅಂಗಾರೆ ಮ್ಯಾಲಿಂದ ಕೆಳಗಿನ ತನಕ ನಮ್ಮನೇನೆ. ಮನೆಯೊಳಗೆ ಕಲ್ಲು ಎಲ್ಲಿ ಕುಂತರೇನು” ಎಂದರು ಅಜ್ಜಿ.

ಉಳಿದದ್ದು ನಡುವಿನ ಮನೆ. ದಫೇದಾರರು ಒಪ್ಪಿದರು, ಸೂರಿಗೆ ತೂತು ಎಂದಾಗ ಮೀಸೆ ತಿರುವಿದರು, ತೊಲೆ ಉಳಿಯುತ್ತದೆ ಎಂದಾಗ ಇಳಿಸಿದರು. ಒಪ್ಪದವಳು ಅವರ ಹೆಂಡತಿ.

“ಅಕ್ಕ, ನಮ್ಮನೆ ಒಳಕ್ಕೆ ಕಲ್ಲು ಬಂತು ಅಂದ್ರೆ ಲಕ್ಷ್ಮಿ ಬಂದಂಗೆ. ಬಂದ ಲಕ್ಷ್ಮೀನ ಹಂಗೇ ಕೆಳಕ್ಕೆ ತಳ್ಳಿಬುಡಕ್ಕಾಗ್ತದಾ, ಅದೂ ಹಸುಗೂಸಿನ ಮನೇಲಿ? ನಮ್ಮವ್ವ ಕೇಳಿದ್ರೆ ನನ್ನ ಚರ್ಮ ಸುಲೀತಾಳೆ.”

ಹಾಗಾದರೆ ಅವಳಿಗೂ ಒಂದು ದಾರಿ ಬೇಕು. “ಕಲ್ಲು ನಿಮ್ಮ ನೆಲ ಮುಟ್ಟೋದಿಲ್ಲ. ನೆಲ ಮುಟ್ಟದಿದ್ದರೆ ಬಂದಂಗೂ ಅಲ್ಲ, ಹೋದಂಗೂ ಅಲ್ಲ. ದಾರಿಹೋಕಳು. ಬೀದಿಯಲ್ಲಿ ದೇವರ ಪಲ್ಲಕ್ಕಿ ಹೋದರೆ ನಿಂತು ಕೈಮುಗಿಯಲ್ವೇನೆ, ಹಾಗೆ.”

“ದಾರಿಹೋಕಳಾದ್ರೂ ಮುತ್ತೈದೆ ಮನೆ ಮುಂದೆ ಬರಿ ಹಣೇಲಿ ಓಗಬಾರದು” ಎಂದು ಯೋಚಿಸಿ, “ನಾನು ಅರಿಶಿನ ಕುಂಕುಮ ಇಕ್ತೀನಿ. ಅಷ್ಟೊತ್ತು ನಿಲ್ಲಿಸಬೇಕು” ಎಂದಳು. ನಿಲ್ಲಿಸುತ್ತೇವೆ ಎಂದು ಮಾತು ಕೊಟ್ಟೆ.

ಬಡಗಿ ಹಲಗೆ ಬಿಡಿಸಿ, ಎರಡು ಮಹಡಿಯಲ್ಲೂ ಕಲ್ಲು ನುಸುಳುವಷ್ಟು ಕಿಂಡಿ ಮಾಡಿದ. ಸಾಹುಕಾರರ ಡಿಪೋದಿಂದ ದಿಮ್ಮಿ ಎತ್ತುವ ರಾಟೆ ಬಂತು. ಗಾಡಿಯವರು ಹಗ್ಗ ಹಿಡಿದರು. ಕಡಸಿನ ಯಜಮಾನ ಎಲ್ಲರಿಗಿಂತ ಮುಂದೆ. ಮೊದಲು ಕೆಳಕಲ್ಲು ಹೋಗಲಿ, ಮೇಲ್ಕಲ್ಲು ಬಂದು ಅದರ ಮೇಲೆ ಕೂರಲಿ ಎಂದಾಯಿತು. ಅಜ್ಜಿ ಕಲ್ಲಿಗೆ ಕೈಮುಗಿದು, ಅದು ಇಳಿಯುವುದನ್ನು ನೋಡಲು ನಿಲ್ಲದೆ, ತಮ್ಮ ಬಾಗಿಲಿಗೆ ಹೋಗಿ ಎರಡು ತೋಳನ್ನೂ ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ನಿಂತರು. ಕಲ್ಲು ಎಲ್ಲಿ ತಪ್ಪಿಸಿಕೊಂಡು ಈ ಕಡೆ ಬಂದೀತೋ ಎಂದು ಕಾವಲಿದ್ದ ಹಾಗೆ.

ನಾನು ನಡುಮಹಡಿಯಲ್ಲಿ ನಿಂತಿದ್ದೆ. ಸೂರಿನ ಕಿಂಡಿಯಲ್ಲಿ ಮೊದಲು ಹಗ್ಗದ ಗಂಟು, ಆಮೇಲೆ ಕಲ್ಲಿನ ಅಂಚು ಕಾಣಿಸಿತು. ರಾಟೆ ಕಿರುಗುಟ್ಟಿತು. ದಫೇದಾರರು ಖಾಕಿ ಚಡ್ಡಿಯಲ್ಲೇ ನಿಂತು ಅದು ತೂಗಾಡದಂತೆ ಅಂಗೈಯಲ್ಲಿ ಸಂಭಾಳಿಸುತ್ತಿದ್ದರು. ಎದೆಯ ಮಟ್ಟಕ್ಕೆ ಬಂದಾಗ ಅವರ ಹೆಂಡತಿ, “ಅಲ್ಲೇ ಹಿಡೀರಣ್ಣ” ಎಂದು ಮೇಲಕ್ಕೆ ಕೂಗಿದಳು.

“ಬೇಗ ಇಕ್ಕವ್ವ. ಇದು ದೇವರ ಪಲ್ಲಕ್ಕಿ ಅಲ್ಲ, ನಮ್ಮ ರಟ್ಟೆ ಬಿದ್ದೋಯ್ತದೆ” ಎಂದು ಮೇಲಿನಿಂದ ಗಾಡಿಯವನ ದನಿ ಬಂತು.

ಅವಳು ಅವಸರ ಮಾಡಲಿಲ್ಲ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು, ಕಲ್ಲಿನ ನಡುಗಣ್ಣಿಗೆ ಒಂದು ವೀಳ್ಯದೆಲೆ ಸಿಕ್ಕಿಸಿದಳು. ಕೂಸು ಕೈಚಾಚಿ ಕಲ್ಲನ್ನು ಮುಟ್ಟಿತು. “ಓಗಿ ಬಾ ತಾಯಿ” ಎಂದಳು. ಹಗ್ಗ ಸಡಿಲವಾಯಿತು. ಕಲ್ಲು ನೆಲದ ಕಿಂಡಿಯೊಳಕ್ಕೆ ಇಳಿದು ಕಣ್ಮರೆಯಾಯಿತು. ಕೆಳಗೆ ಬಡಗಿ ತನ್ನ ಭಾಷೆಯಲ್ಲಿ ಏನೋ ಕೂಗಿದ್ದು ಕೇಳಿತು; ಕೋಪದ ಕೂಗಲ್ಲ ಎಂದು ತಿಳಿದು ಸಮಾಧಾನವಾಯಿತು.

ಮೇಲ್ಕಲ್ಲೂ ಹಾಗೆಯೇ ಇಳಿಯಿತು. ಅಜ್ಜಿ ಮೆಟ್ಟಿಲಿಳಿದು ಬಂದು ಉಗ್ರಾಣದ ನೆಲಕ್ಕೆ ಸಗಣಿ ಸಾರಿಸಿ, ಬಾಗಿಲಿಗೆ ರಂಗೋಲೆ ಎಳೆಸಿ, ಹಿಡಿಗೂಟ ಸಿಕ್ಕಿಸಿ ಒಂದು ಹಿಡಿ ರಾಗಿ ಹಾಕಿ ತಿರುಗಿಸಿದರು. ಮಣ್ಣಿನ ನೆಲದ ಮೇಲೆ ಕಲ್ಲಿನ ಸದ್ದೇ ಬೇರೆ. ಗುಡುಗು ಹೋಗಿ ಗುನುಗು ಆಗಿತ್ತು.

ಇನ್ನು ಉಳಿದ ಮೂವರದ್ದು. ನಮ್ಮ ಮನೆಗೂ ಕಿಂಡಿ ಕೊರೆಸಿ ಎಂದು ಅವರು ಪಟ್ಟು ಹಿಡಿದರು. ಬಡಗಿ ತಲೆಯ ಮೇಲೆ ಕೈಯಿಟ್ಟುಕೊಂಡ. ಇನ್ನು ಮೂರು ಕೊರೆದರೆ ಅದು ಮಹಡಿಯಲ್ಲ, ಜರಡಿ ಎಂದ. ಅವರ ಕೋಣೆಗಳ ಕೆಳಗೆ ಉಗ್ರಾಣವೂ ಇರಲಿಲ್ಲ. ಜಾಗದ ಮಾತನ್ನು ಆಮೇಲೆ ನೋಡೋಣ ಎಂದು ನಾನು ಮುಂದೂಡಿದ್ದೆನಲ್ಲ, ಅದೂ ಆಗಲೇ ಎದುರು ನಿಂತಿತು. ಅಜ್ಜಿಯ ಮನೆ ಎಂದು ಒಪ್ಪಿಕೊಂಡಿದ್ದೇನೆ. ಇನ್ನೊಬ್ಬರ ಮನೆಯಲ್ಲಿ ತಮ್ಮ ಕಲ್ಲನ್ನು ಇವರು ಹೇಗೆ ಇಟ್ಟಾರು? ಒಬ್ಬಳ ಕಲ್ಲಷ್ಟೇ ಇಳಿದರೆ ಸಾಹುಕಾರರು ಸುಮ್ಮನಿರುವುದಿಲ್ಲ. ಮೇಲ್ಮಹಡಿ ಖಾಲಿ ಎಂದರೆ ಅಜ್ಜಿಯೂ ಖಾಲಿಯೇ.

ನಾನು ಅಜ್ಜಿಯ ಬಾಗಿಲಲ್ಲಿ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಿರಿಯರೂ ಅಲ್ಲೇ ಇದ್ದರು. ಅಜ್ಜಿ ಬೀಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಹಿಟ್ಟು ಬಾಚುತ್ತ, “ಎಣ್ಮಕ್ಕಳು ತವರಿಗೆ ಓಗುವಾಗ ಹೊಸಲು ದಾಟಾಕಿಲ್ವಾ?” ಎಂದರು.

“ದಾಟ್ತಾರೆ” ಎಂದೆ.

“ಆಗ ಗಂಡನ ಮನೆ ಮುರೀತದಾ?”

“ಇಲ್ಲ.”

“ಮತ್ತೆ ಇದೇ ತವರು ಅನ್ಕಳ್ರವ್ವ. ನಿಮ್ಮ ಕಲ್ಲು ತವರಿಗೆ ಬಂದವೆ. ಬೀಸ್ಕಳಿ, ಓಗಿ, ಬನ್ನಿ. ಬ್ಯಾಡಾದಾಗ ಗಂಡನ ಮನೆಗೆ ತಿರಗ ಓಗ್ತವೆ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಗರಗಸದವನ ಹೆಂಡತಿ ಸುಮ್ಮನಿರುವ ಪೈಕಿಯಲ್ಲ. “ಅಲ್ಲಾ ಅಜ್ಜಿ, ಇಷ್ಟು ಸಲೀಸಾದ ದಾರಿ ನಿಮ್ಮತ್ರ ಇತ್ತಲ್ಲ. ನಿಮ್ಮ ಕಲ್ಲಿಗೆ ಮಾತ್ರ ಯಾಕೆ ಎರಡು ಮಹಡಿ ಕೊರೆಸಿದ್ರಿ?”

“ನಂಗೆ ತವರು ಎಲ್ಲದೆ ಮಗಾ” ಎಂದರು ಅಜ್ಜಿ. ತೀರ ಸಲೀಸಾಗಿ, ಉಪ್ಪು ಎಲ್ಲಿದೆ ಎಂದು ಕೇಳಿದ ಹಾಗೆ.

ಗರಗಸದವನ ಹೆಂಡತಿ ಸಂಜೆಯೊಳಗೆ ಗಂಡನನ್ನೂ ಅವನ ಜೊತೆಯವನನ್ನೂ ಕರೆಸಿ, ಎಲ್ಲರಿಗಿಂತ ಮೊದಲು ತನ್ನ ಕಲ್ಲನ್ನು ಮೆಟ್ಟಿಲಿನಲ್ಲಿ ಇಳಿಸಿಕೊಂಡು ಬಂದಳು. ಉಳಿದಿಬ್ಬರದೂ ಹಿಂದೆಯೇ ಬಂತು. ಒಬ್ಬಳು ತನ್ನ ಕಲ್ಲಿಗೂ ಪಕ್ಕದವಳದಕ್ಕೂ ನಡುವೆ ಒಂದು ಗಜ ಜಾಗ ಬೇಕು ಎಂದಳು. ಕುಲದ ಮಾತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಮಗೆ ತಿಳಿಯಿತು. ನಾನು ಜಾಗ ಅಳೆಯಲು ಹೊರಟೆ. ಅಜ್ಜಿ, “ತವರಲ್ಲಿ ಅಕ್ಕತಂಗೇರು ಒಂದೇ ಚಾಪೇಲಿ ಮಲಗ್ತಾರೆ. ಗಜ ಗಿಜ ಎಲ್ಲ ಗಂಡನ ಮನೇಲಿ ಮಡಿಕ್ಕಳಿ” ಎಂದರು. ಅಳತೆ ಅಲ್ಲಿಗೆ ನಿಂತಿತು. ನಾನು ಹೇಳಿದ್ದರೆ ಆ ಹೆಂಗಸು ಕೇಳುತ್ತಿರಲಿಲ್ಲ. ಎತ್ತರದ ಮನೆ ನಡೆಸುವವರಿಗೆ ಎಲ್ಲ ಕಟ್ಟಳೆಯನ್ನೂ ತಾವೇ ಹೇಳಬೇಕು ಎಂಬ ಹಟವಿರಬಾರದು. ಯಾರ ಬಾಯಿಂದ ಬಂದರೆ ನಿಲ್ಲುತ್ತದೋ ಅವರ ಬಾಯಿಗೆ ಬಿಟ್ಟುಬಿಡಬೇಕು.

ತವರು ಎಂದ ಮೇಲೆ ಗೌರಿ ಹಬ್ಬಕ್ಕೆ ಬಾಗಿನ ಕೊಡದೆ ಆಗುತ್ತದೆಯೇ. ಹಬ್ಬದ ಬೆಳಿಗ್ಗೆ ಅಜ್ಜಿ ಮೂರು ಮೊರ ಸಜ್ಜು ಮಾಡಿಸಿದ್ದರು. ಒಳಗೆ ಬಳೆ, ಅರಿಶಿನ, ಒಂದೊಂದು ಅಚ್ಚು ಬೆಲ್ಲ, ಹೊಸ ಹಿಟ್ಟು. ಗಂಡನಿಲ್ಲದವರ ಕೈಯಿಂದ ಬಾಗಿನ ಸಲ್ಲದು ಎಂಬುದು ಆ ಕಾಲದ ನಡೆ. ಅಜ್ಜಿ ಅದಕ್ಕೆ ಕೊರಗುವವರಲ್ಲ, ನನ್ನನ್ನು ಕರೆಸಿ, “ಕೈ ನಿಂದು, ಮೊರ ನಂದು. ಕೊಡವ್ವ” ಎಂದು ಕಲ್ಲಿನ ಪಕ್ಕ ಕುಳಿತರು.

ನಾನು ಮೊದಲ ಮೊರ ಎತ್ತಿಕೊಂಡ ಹೊತ್ತಿಗೆ ಸಾಹುಕಾರರು ಬಂದರು. ಗಡುವಿನ ದಿನವನ್ನು ಅವರು ಮರೆತಿರಲಿಲ್ಲ. ನೇರ ಮೇಲ್ಮಹಡಿಗೆ ಹತ್ತಿ, ನಾಲ್ಕು ಕೋಣೆಯನ್ನೂ ನೋಡಿ, ನೆಲವನ್ನು ಕಾಲಿನಿಂದ ಅದುಮಿ, ದಫೇದಾರರ ಕೋಣೆಯಲ್ಲಿ ಬಡಗಿ ತೊಲೆಗೆ ಕೊಟ್ಟಿದ್ದ ಊರುಗಂಬವನ್ನು ಅಲ್ಲಾಡಿಸಿ ನೋಡಿ ಇಳಿದರು. ಆಮೇಲೆ ತಮ್ಮದೇ ಉಗ್ರಾಣ ಎಂಬ ಸಲಿಗೆಯಲ್ಲಿ ಮೆಟ್ಟು ಕಾಲಿನಲ್ಲೇ ಒಳಕ್ಕೆ ಕಾಲಿಟ್ಟರು.

“ಯಾರಪ್ಪಾ ಅದು. ಮೆಟ್ಟು ಕಳಚಿ ಬನ್ನಿ, ಮನೆ ಇದು” ಎಂದರು ಅಜ್ಜಿ ತಲೆ ಎತ್ತದೆ.

ಗರಗಸದವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸಾಹುಕಾರರು ನನ್ನ ಕಡೆ ನೋಡಿದರು.

“ಯಾರ ಮನೆಯಮ್ಮ?”

“ಅಜ್ಜಿಯದು. ಮೇಲೊಂದು ಕೋಣೆ, ಕೆಳಗೊಂದು ಕೋಣೆ” ಎಂದೆ. ಆ ಹೊತ್ತಿಗೆ ನನ್ನ ನಾಲಿಗೆಯೂ ತಡವರಿಸಿತು, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

“ನಾನು ಕೊಟ್ಟಿದ್ದು ನಾಲ್ಕು ಕಲ್ಲಿಗೆ.”

“ನಾಲ್ಕೂ ಇವೆಯಲ್ಲ ಸ್ವಾಮಿ.”

ಅವರು ಎಣಿಸಿದವರ ಹಾಗೆ ನಾಲ್ಕು ಕಲ್ಲನ್ನೂ ನೋಡಿದರು, ಮೊರಗಳನ್ನು ನೋಡಿದರು, ಸೂರಿನ ಕಿಂಡಿಗೆ ಕತ್ತೆತ್ತಿದರು. ಆ ಕಿಂಡಿಯಿಂದ ದಫೇದಾರರ ಹೆಂಡತಿ ಕೂಸನ್ನು ಹಿಡಿದುಕೊಂಡು ಬಗ್ಗಿ ಇವರನ್ನೇ ನೋಡುತ್ತಿದ್ದಳು. ಸಾಹುಕಾರರು ಹಿಂದಕ್ಕೆ ಹೆಜ್ಜೆ ಇಟ್ಟು, ಹೊಸಲಿನ ಆಚೆ ಮೆಟ್ಟು ಬಿಟ್ಟು, ಒಳಗೆ ಬಂದು ಗೋಡೆಯ ಪಕ್ಕ ನಿಂತರು. ನಾನು ಬಾಗಿನ ಕೊಟ್ಟು ಮುಗಿಸುವ ತನಕ ಹಾಗೆಯೇ ನಿಂತಿದ್ದರು. ಅಜ್ಜಿ ಅವರ ಕೈಗೂ ಒಂದು ಅಚ್ಚು ಬೆಲ್ಲ ಇಟ್ಟರು.

ಹೊರಗೆ ಬಂದು ಮೆಟ್ಟು ಹಾಕಿಕೊಳ್ಳುತ್ತ ನನಗೆ ಹೇಳಿದರು: “ಹೊಗೆಸೊಪ್ಪಿಗೆ ಬೇರೆ ಜಾಗ ನೋಡ್ಕೋತೀನಿ. ಆ ಕಿಂಡಿಗೆ ಒಂದು ಮುಚ್ಚಳ ಹಾಕಿಸು, ಮಗು ಬಿದ್ದೀತು.”

ನಾನು ತಿರುಗಿ ಒಳಗೆ ಬಂದಾಗ ಅಜ್ಜಿ ಆಗಲೇ ಕಲ್ಲಿಗೆ ರಾಗಿ ಹಾಕುತ್ತಿದ್ದರು. ಹಬ್ಬದ ದಿನವೂ ಬೀಸುತ್ತೀರಾ ಎಂದು ಕೇಳಿದೆ. ಹೋಟೆಲಿನವನು ಬೆಳಿಗ್ಗೆ ಬಂದು ಕೇಳಿ ಹೋಗಿದ್ದಾನೆ, ಗಾಡಿಯವರು ಬೇರೆಯವರ ಹಿಟ್ಟಿನ ಮುದ್ದೆಯನ್ನು ಎಲೆಯಲ್ಲೇ ಬಿಟ್ಟು ಏಳುತ್ತಿದ್ದಾರಂತೆ ಎಂದು ಹೇಳಿ, ಮೊರದಲ್ಲಿದ್ದ ರಾಗಿಯನ್ನು ನನ್ನ ಕಡೆ ಸರಿಸಿದರು. ನಾನು ಅದರಲ್ಲಿನ ಕಲ್ಲು ಆರಿಸುತ್ತ ಕುಳಿತೆ.